ಪದವಿಯಿಲ್ಲದವರು ಕಟ್ಟಿಕೊಟ್ಟ ವಿದ್ಯೆ: ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್

ಪ್ರತಿವರ್ಷ ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ, ಸಂಘದ ಕಾರ್ಯಕ್ರಮಗಳಿಗೆ ಬರುವ ತಂದೆತಾಯಿಯರ ಮಾತು ಸಹಜವಾಗಿಯೇ ಮಕ್ಕಳ ಮುಂದಿನ ವ್ಯಾಸಂಗದತ್ತ ಹೊರಳುತ್ತದೆ. ಎಂಜಿನಿಯರಿಂಗ್, ವೈದ್ಯಕೀಯ, ಲೆಕ್ಕಪರಿಶೋಧನೆ ಎಂಬ ಮೂರು ದಾರಿಗಳ ಆಚೆಗೆ ನಮ್ಮ ಮಧ್ಯಮ ವರ್ಗದ ಮನೆಗಳ ದೃಷ್ಟಿ ಹರಿಯುವುದು ವಿರಳ. ಚಿತ್ರ ಬರೆಯುವ ಕೈ, ಗಿಡಮರಗಳಲ್ಲಿ ಅಕ್ಕರೆ, ಗಣಿತದಲ್ಲಿ ತಕ್ಕಮಟ್ಟಿನ ಹಿಡಿತ, ಇವು ಮೂರೂ ಒಂದೇ ಮಗುವಿನಲ್ಲಿ ಕೂಡಿಬಂದಾಗ ಅದಕ್ಕೊಂದು ಯೋಗ್ಯವಾದ ವಿದ್ಯೆಯುಂಟೆಂಬುದು ಬಹುಮಂದಿಗೆ ತಿಳಿಯದು. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಎಂದು ಜಗತ್ತು ಕರೆಯುವ, ಕನ್ನಡದಲ್ಲಿ ಭೂದೃಶ್ಯ ವಾಸ್ತುಶಿಲ್ಪವೆನ್ನಬಹುದಾದ ಆ ವಿದ್ಯೆಗೆ ಇಂದು ವಿಶ್ವವಿದ್ಯಾಲಯಗಳಲ್ಲಿ ಪ್ರತ್ಯೇಕ ವಿಭಾಗಗಳಿವೆ, ಸ್ನಾತಕೋತ್ತರ ಪದವಿಗಳಿವೆ, ಗೌರವಯುತವಾದ ಉದ್ಯೋಗಗಳಿವೆ. ಆದರೆ ಈ ವೃತ್ತಿಯನ್ನು ಅಮೆರಿಕದಲ್ಲಿ ಕಟ್ಟಿ ನಿಲ್ಲಿಸಿದ ಮಹನೀಯರು ಯಾವ ವಿಶ್ವವಿದ್ಯಾಲಯದಲ್ಲಿಯೂ ಓದಿ ಪದವಿ ಪಡೆದವರಲ್ಲ. ಮೂವತ್ತೈದನೆಯ ವಯಸ್ಸಿನವರೆಗೂ ಅವರನ್ನು ಕಂಡವರು, ಇವರೊಬ್ಬ ನೆಲೆ ಕಾಣದ ಮನುಷ್ಯರೆಂದೇ ಭಾವಿಸಿದ್ದಿರಬೇಕು. ಆ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಅವರ ಜೀವನಕಥೆಯನ್ನು ಈ ಬಾರಿ ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಓಲ್ಮ್‌ಸ್ಟೆಡ್ ಅವರು ಜನಿಸಿದ್ದು 1822ರ ಏಪ್ರಿಲ್ 26ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ. ತಂದೆ ಜಾನ್ ಓಲ್ಮ್‌ಸ್ಟೆಡ್ ಅನುಕೂಲಸ್ಥ ಜವಳಿ ವ್ಯಾಪಾರಿ. ಬಾಲಕನಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಾಯಿ ಷಾರ್ಲೆಟ್ ತೀರಿಕೊಂಡರು. ತಂದೆ ಮರುಮದುವೆಯಾದರು. ಬಾಲಕನನ್ನು ಒಬ್ಬ ಪಾದ್ರಿಯ ಮನೆಯಿಂದ ಇನ್ನೊಬ್ಬ ಪಾದ್ರಿಯ ಮನೆಗೆ ವಿದ್ಯೆಗಾಗಿ ಕಳುಹಿಸಲಾಯಿತು. ಆ ಶಾಲೆಗಳಲ್ಲಿ ಅವರು ಕಲಿತದ್ದು ಸ್ವಲ್ಪವೇ. ಅದಕ್ಕಿಂತ ಹೆಚ್ಚಿನದನ್ನು ಕಲಿಸಿದ್ದು ತಂದೆಯೊಡನೆ ಕೈಗೊಂಡ ಪ್ರಯಾಣಗಳು. ಮಿತಭಾಷಿಯಾದ ಆ ವ್ಯಾಪಾರಿಗೆ ಪ್ರಕೃತಿಯೆಂದರೆ ಅಪಾರ ಪ್ರೀತಿ. ಬಿಡುವಾದಾಗ ಕುಟುಂಬವನ್ನು ಗಾಡಿಯಲ್ಲಿ ಕೂರಿಸಿಕೊಂಡು ನದೀ ಕಣಿವೆಗಳಲ್ಲಿ, ಗುಡ್ಡಗಾಡುಗಳಲ್ಲಿ ದಿನಗಟ್ಟಲೆ ಸಂಚರಿಸುತ್ತಿದ್ದರು. ಆ ಮೌನ ಸಂಚಾರಗಳೇ ತಮ್ಮ ಮೊದಲ ಪಾಠವೆಂದು ಓಲ್ಮ್‌ಸ್ಟೆಡ್ ವೃದ್ಧಾಪ್ಯದಲ್ಲಿಯೂ ನೆನೆಯುತ್ತಿದ್ದರು. ಊರಿನ ಗ್ರಂಥಾಲಯದಲ್ಲಿ ದೊರೆತ, ಭೂದೃಶ್ಯದ ಸೊಬಗನ್ನು ಕುರಿತ ಇಂಗ್ಲೆಂಡಿನ ಕೆಲವು ಗ್ರಂಥಗಳನ್ನು ಅವರು ಬಾಲ್ಯದಲ್ಲಿಯೇ ಓದಿಕೊಂಡಿದ್ದರು.

ಯೇಲ್ ಕಾಲೇಜಿಗೆ ಸೇರುವ ಸಿದ್ಧತೆಯಲ್ಲಿದ್ದ ಹದಿಹರೆಯದಲ್ಲಿ ಒಂದು ಅನಿರೀಕ್ಷಿತ ವಿಘ್ನ ಬಂದೊದಗಿತು. ಸುಮಾಕ್ ಎಂಬ ವಿಷಗಿಡದ ಸೋಂಕು ತಗಲಿ ಅವರ ಕಣ್ಣುಗಳು ಕೆಟ್ಟವು. ಪುಸ್ತಕಗಳಿಂದ ದೂರವಿರಬೇಕೆಂದು ವೈದ್ಯರು ವಿಧಿಸಿದರು. ಕಾಲೇಜಿನ ಬಾಗಿಲು ಮುಚ್ಚಿತು. ಮುಂದೆ ಗಿಡಮರಗಳಿಂದಲೇ ಕೀರ್ತಿ ಪಡೆಯಬೇಕಾದವರ ವಿದ್ಯೆಗೆ ಒಂದು ಗಿಡವೇ ಅಡ್ಡಬಂದದ್ದು ವಿಧಿಯ ವಿಚಿತ್ರ. ಬಳಿಕ ಅವರು ಒಬ್ಬ ಎಂಜಿನಿಯರರ ಬಳಿಯಿದ್ದು ಭೂಮಾಪನದ ಮೊದಲ ಪಾಠಗಳನ್ನು ಕಲಿತರು. ನ್ಯೂಯಾರ್ಕಿನ ಜವಳಿ ಆಮದು ಸಂಸ್ಥೆಯೊಂದರಲ್ಲಿ ಗುಮಾಸ್ತರಾದರು, ಅದು ರುಚಿಸಲಿಲ್ಲ. 1843ರಲ್ಲಿ ಚೀನಾಕ್ಕೆ ಹೊರಟ ವ್ಯಾಪಾರಿ ಹಡಗಿನಲ್ಲಿ ನಾವಿಕರಾಗಿ ಸೇರಿದರು. ಹಡಗಿನ ಮೇಲಿನ ಕಠಿಣ ದುಡಿಮೆ, ಕ್ರೂರ ಶಿಸ್ತು, ಕಾಯಿಲೆಗಳಿಂದ ಜರ್ಜರಿತರಾಗಿ ಮರುವರ್ಷ ಮನೆಗೆ ಮರಳಿದರು. ತಮ್ಮ ಜಾನ್ ಯೇಲ್‌ನಲ್ಲಿ ಓದುತ್ತಿದ್ದುದರಿಂದ 1845ರಲ್ಲಿ ಕೆಲವು ತಿಂಗಳು ಅಲ್ಲಿ ರಸಾಯನಶಾಸ್ತ್ರ ಮೊದಲಾದ ವಿಷಯಗಳ ಉಪನ್ಯಾಸಗಳನ್ನು ಕೇಳಿದರು. ಅವರ ಕಾಲೇಜು ವ್ಯಾಸಂಗವೆಂಬುದು ಅಷ್ಟಕ್ಕೇ ಮುಗಿಯಿತು.

ಅನಂತರ ಅವರ ಮನಸ್ಸು ಹರಿದದ್ದು ಕೃಷಿಯ ಕಡೆಗೆ. ಮಗನ ಚಂಚಲತೆಯನ್ನು ಕಂಡೂ ತಂದೆ ಕೈಬಿಡಲಿಲ್ಲ. ಮೊದಲು ಕನೆಕ್ಟಿಕಟ್ ಕಡಲ ದಂಡೆಯಲ್ಲಿ, ಬಳಿಕ 1848ರಲ್ಲಿ ನ್ಯೂಯಾರ್ಕಿಗೆ ಸಮೀಪದ ಸ್ಟೇಟನ್ ದ್ವೀಪದಲ್ಲಿ ಜಮೀನು ಕೊಡಿಸಿದರು. ಅಲ್ಲಿ ಓಲ್ಮ್‌ಸ್ಟೆಡ್ ನೀರು ನಿಲ್ಲುವ ಹೊಲಗಳಿಗೆ ನೆಲದಡಿಯ ಕೊಳವೆಗಳ ಮೂಲಕ ಬಸಿಗಾಲುವೆ ಮಾಡುವುದನ್ನು, ಹಣ್ಣಿನ ಸಸಿಗಳನ್ನು ಬೆಳೆಸುವುದನ್ನು, ಮನೆಯ ಮುಂದಿನ ದಾರಿಯನ್ನು ಕಣ್ಣಿಗೆ ಹಿತವಾಗುವಂತೆ ತಿರುಗಿಸುವುದನ್ನು ಮಣ್ಣಿನಲ್ಲಿ ಕೈಯಿಟ್ಟು ಕಲಿತರು. ಇಂದು ಭೂದೃಶ್ಯ ವಾಸ್ತುಶಿಲ್ಪದ ವಿದ್ಯಾರ್ಥಿಗಳು ತರಗತಿಯಲ್ಲಿ ಓದುವ ಮಣ್ಣು, ನೀರು, ಸಸ್ಯ, ಇಳಿಜಾರು ಎಂಬ ನಾಲ್ಕು ಮೂಲಪಾಠಗಳೂ ಅವರಿಗೆ ದೊರೆತದ್ದು ಆ ಹೊಲದಲ್ಲಿ.

1850ರಲ್ಲಿ ತಮ್ಮನೊಡನೆಯೂ ಗೆಳೆಯನೊಬ್ಬನೊಡನೆಯೂ ಓಲ್ಮ್‌ಸ್ಟೆಡ್ ಇಂಗ್ಲೆಂಡಿನಲ್ಲಿ ಕಾಲ್ನಡಿಗೆಯ ಪ್ರವಾಸ ಕೈಗೊಂಡರು. ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್ ಪಟ್ಟಣದಲ್ಲಿ ಬ್ರೆಡ್ ಮಾರುವವನೊಬ್ಬ ತಮ್ಮೂರಿನ ಹೊಸ ಉದ್ಯಾನವನ್ನು ನೋಡದೆ ಹೋಗಬಾರದೆಂದು ಅವರನ್ನು ಒತ್ತಾಯಿಸಿದ. ಜೋಸೆಫ್ ಪ್ಯಾಕ್ಸ್‌ಟನ್ ಅವರು ರೂಪಿಸಿದ್ದ, 1847ರಲ್ಲಿ ತೆರೆದಿದ್ದ ಆ ಉದ್ಯಾನ ಸಾರ್ವಜನಿಕ ಹಣದಿಂದ ನಿರ್ಮಾಣವಾದುದು. ಅರಸರ ಇಲ್ಲವೆ ಜಮೀನ್ದಾರರ ತೋಟಗಳನ್ನು ಓಲ್ಮ್‌ಸ್ಟೆಡ್ ಚಿತ್ರಗಳಲ್ಲಿ ಕಂಡಿದ್ದರು. ಕೂಲಿಯವನೂ ಧನಿಕನೂ ಸರಿಸಮನಾಗಿ ಅಡ್ಡಾಡಬಹುದಾದ, ಊರೇ ಒಡೆತನ ಹೊಂದಿದ ತೋಟವನ್ನು ಅವರು ಕಂಡದ್ದು ಅದೇ ಮೊದಲು. ಪ್ರಜಾಪ್ರಭುತ್ವವೆಂದು ಬೀಗುವ ತಮ್ಮ ದೇಶದಲ್ಲಿ ಅಂಥ ಒಂದೂ ಸ್ಥಳವಿಲ್ಲವೆಂಬ ಕೊರಗು ಅವರ ಮನಸ್ಸಿನಲ್ಲಿ ಉಳಿಯಿತು. ಈ ಪ್ರವಾಸವನ್ನು ಕುರಿತು ಅವರು ಬರೆದ ಪುಸ್ತಕ 1852ರಲ್ಲಿ ಪ್ರಕಟವಾಯಿತು.

ಆ ಪುಸ್ತಕ ಅವರನ್ನು ಪತ್ರಿಕೋದ್ಯಮಕ್ಕೆ ಎಳೆಯಿತು. 1852ರಿಂದ 1854ರ ನಡುವೆ ನ್ಯೂಯಾರ್ಕಿನ ದಿನಪತ್ರಿಕೆಯೊಂದರ ವರದಿಗಾರರಾಗಿ ಅವರು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸಂಚರಿಸಿದರು. ಗುಲಾಮಗಿರಿ ಆಗ ಅಲ್ಲಿ ಬೇರೂರಿದ್ದ ವ್ಯವಸ್ಥೆ. ಹತ್ತಿ ಹೊಲಗಳ ದುಡಿಮೆಯನ್ನೂ ಕೂಲಿಯ ಲೆಕ್ಕವನ್ನೂ ಹಳ್ಳಿಗಳ ಸ್ಥಿತಿಯನ್ನೂ ಅವರು ಕಣ್ಣಾರೆ ಕಂಡು ಬರೆದರು. ಗುಲಾಮಗಿರಿ ಆಳುಗಳನ್ನು ಹಿಂಸಿಸುವುದಷ್ಟೇ ಅಲ್ಲದೆ ಇಡೀ ಸಮಾಜವನ್ನು ಬಡವಾಗಿಸುತ್ತದೆ ಎಂಬುದು ಅವರ ವಾದದ ಸಾರ. ಒಡೆಯನು ತನ್ನ ಸುಖವನ್ನು ಮಾತ್ರ ನೋಡಿಕೊಳ್ಳುವ ಆ ಸೀಮೆಯಲ್ಲಿ ಎಲ್ಲರಿಗೂ ಸಲ್ಲುವ ಶಾಲೆ, ಗ್ರಂಥಾಲಯ, ಉದ್ಯಾನಗಳು ವಿರಳವಾಗಿದ್ದುದನ್ನು ಅವರು ಗುರುತಿಸಿದರು. ಈ ಬರಹಗಳ ಸಂಗ್ರಹ 1861ರಲ್ಲಿ, ಅಂತರ್ಯುದ್ಧ ಆರಂಭವಾದ ವರ್ಷದಲ್ಲಿಯೇ ಹೊರಬಂದು, ಉತ್ತರದ ಪಕ್ಷವನ್ನು ಇಂಗ್ಲೆಂಡಿನ ಓದುಗರಿಗೆ ತಿಳಿಸಿಕೊಡಲು ನೆರವಾಯಿತು.

ಬರಹದಿಂದ ಹೆಸರು ಬಂದಿತೇ ಹೊರತು ಬದುಕು ನಡೆಯಲಿಲ್ಲ. ಪಾಲುದಾರರಾಗಿ ಸೇರಿದ ಪ್ರಕಾಶನ ಸಂಸ್ಥೆ 1857ರಲ್ಲಿ ದಿವಾಳಿಯಾಗಿ, ಸಾಲದ ಹೊರೆ ತಲೆಯ ಮೇಲೆ ಬಿತ್ತು. ಗುಮಾಸ್ತ, ನಾವಿಕ, ರೈತ, ವರದಿಗಾರ, ಪ್ರಕಾಶಕ ಎಂಬ ಐದು ವೇಷಗಳೂ ಕಳಚಿಬಿದ್ದಿದ್ದವು. ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿಯೇ ಕಾಣಬಹುದೆಂಬ ನಮ್ಮ ನಾಡಿನ ನಂಬಿಕೆಯಿಂದ ಅಳೆದರೆ, ಮೂವತ್ತೈದು ವರ್ಷದ ಈ ಅವಿವಾಹಿತ ಸಾಲಗಾರನಿಂದ ಯಾರೂ ಏನನ್ನೂ ನಿರೀಕ್ಷಿಸುವಂತಿರಲಿಲ್ಲ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಕನೆಕ್ಟಿಕಟ್‌ನ ಕಡಲ ತೀರದ ವಸತಿಗೃಹವೊಂದರಲ್ಲಿ ಪರಿಚಿತರೊಬ್ಬರು ಎದುರಾದರು. ನ್ಯೂಯಾರ್ಕ್ ನಗರ ನಿರ್ಮಿಸಲಿರುವ ಸೆಂಟ್ರಲ್ ಪಾರ್ಕ್ ಎಂಬ ಉದ್ಯಾನದ ಆಯೋಗದಲ್ಲಿ ಅವರು ಸದಸ್ಯರು. ಕೆಲಸಗಾರರ ಮೇಲ್ವಿಚಾರಕನ ಹುದ್ದೆ ಖಾಲಿಯಿದೆಯೆಂದೂ ಅರ್ಜಿ ಹಾಕಬಹುದೆಂದೂ ಅವರು ತಿಳಿಸಿದರು. ಸೆಪ್ಟೆಂಬರಿನಲ್ಲಿ ಓಲ್ಮ್‌ಸ್ಟೆಡ್ ಆ ಹುದ್ದೆಗೆ ನೇಮಕಗೊಂಡರು. ಆರ್ಥಿಕ ಕುಸಿತದಿಂದ ನಗರದಲ್ಲಿ ಸಾವಿರಾರು ಜನ ನಿರುದ್ಯೋಗಿಗಳಾಗಿದ್ದ ಕಾಲವದು. ಕೂಲಿಗಾಗಿ ಮುಗಿಬಿದ್ದ ಜನರನ್ನು ಶಿಸ್ತಿನ ಪಡೆಯಾಗಿ ರೂಪಿಸುವುದು ಅವರ ಮೊದಲ ಹೊಣೆಯಾಯಿತು. ಅದೇ ನವೆಂಬರಿನಲ್ಲಿ ಪ್ರೀತಿಯ ತಮ್ಮ ಜಾನ್ ಕ್ಷಯರೋಗದಿಂದ ಫ್ರಾನ್ಸಿನ ಕಡೆಯ ನೀಸ್ ಪಟ್ಟಣದಲ್ಲಿ ತೀರಿಕೊಂಡರು. ತನ್ನ ಪತ್ನಿ ಮೇರಿಗೆ ಆಸರೆಯಾಗಬೇಕೆಂದು ಅವರು ಕೊನೆಯ ಪತ್ರದಲ್ಲಿ ಅಣ್ಣನನ್ನು ಕೋರಿದ್ದರು. 1859ರಲ್ಲಿ ಓಲ್ಮ್‌ಸ್ಟೆಡ್ ಮೇರಿಯವರನ್ನು ವಿವಾಹವಾಗಿ, ತಮ್ಮನ ಮೂವರು ಮಕ್ಕಳಿಗೂ ತಂದೆಯಾದರು.

ಉದ್ಯಾನದ ವಿನ್ಯಾಸಕ್ಕಾಗಿ ಆಯೋಗವು ಸ್ಪರ್ಧೆ ಏರ್ಪಡಿಸಿತ್ತು. ಇಂಗ್ಲೆಂಡಿನಿಂದ ಬಂದು ನೆಲೆಸಿದ್ದ ಕಾಲ್ವರ್ಟ್ ವಾಕ್ಸ್ ಎಂಬ ವಾಸ್ತುಶಿಲ್ಪಿ, ಆ ನೆಲವನ್ನು ಅಂಗುಲ ಅಂಗುಲವಾಗಿ ಬಲ್ಲ ಓಲ್ಮ್‌ಸ್ಟೆಡ್ ತಮ್ಮ ಜೊತೆಗೂಡಬೇಕೆಂದು ಆಹ್ವಾನಿಸಿದರು. ಹಗಲು ಕೂಲಿಕಾರರ ಮೇಲ್ವಿಚಾರಣೆ, ಇರುಳು ನಕ್ಷೆಯ ಕೆಲಸ. ಇಬ್ಬರೂ ಸೇರಿ ಸಲ್ಲಿಸಿದ ಯೋಜನೆ, ಬಂದಿದ್ದ 33 ಯೋಜನೆಗಳ ಪೈಕಿ 1858ರ ಏಪ್ರಿಲ್‌ನಲ್ಲಿ ಮೊದಲ ಬಹುಮಾನ ಗಳಿಸಿತು. ಅದರ ಜಾಣ್ಮೆಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಉದ್ಯಾನವನ್ನು ಅಡ್ಡಲಾಗಿ ದಾಟುವ ರಸ್ತೆಗಳು ನಾಲ್ಕಾದರೂ ಇರಬೇಕೆಂಬುದು ಸ್ಪರ್ಧೆಯ ನಿಬಂಧನೆ. ಸರಕು ಗಾಡಿಗಳು ಹಗಲಿರುಳು ಓಡಾಡುವ ಆ ರಸ್ತೆಗಳು ಉದ್ಯಾನವನ್ನು ಐದು ತುಂಡು ಮಾಡಿಬಿಡುವ ಅಪಾಯವಿತ್ತು. ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಆ ನಾಲ್ಕೂ ರಸ್ತೆಗಳನ್ನು ನೆಲಮಟ್ಟಕ್ಕಿಂತ ಕೆಳಗೆ ಅಗೆದು ಹಾಯಿಸಿದರು. ಮೇಲೆ ಹುಲ್ಲುಗಾವಲು, ಮರಗಳ ಸಾಲು, ಕಾಲುದಾರಿಗಳು ಒಂದಕ್ಕೊಂದು ಸೇರಿ ಮುಂದುವರಿದವು. ನಡೆಯುವವರಿಗೆ, ಕುದುರೆ ಸವಾರರಿಗೆ, ಬಂಡಿಗಳಿಗೆ ಪ್ರತ್ಯೇಕ ದಾರಿಗಳನ್ನು ಮಾಡಿ, ಅವು ಸಂಧಿಸುವಲ್ಲಿ ಒಂದರ ಮೇಲೊಂದು ಹಾಯುವಂತೆ ಸೇತುವೆ ಕಟ್ಟಿದರು. ಮೋಟಾರು ವಾಹನಗಳು ಬರುವುದಕ್ಕೂ ಹಲವು ದಶಕ ಮೊದಲು ರೂಪಿಸಿದ ಈ ವ್ಯವಸ್ಥೆ ಇಂದಿಗೂ ಕೆಲಸ ಮಾಡುತ್ತಿದೆ.

843 ಎಕರೆ ವಿಸ್ತಾರದ ಈ ಉದ್ಯಾನದಲ್ಲಿ ಅಡ್ಡಾಡುವವರಿಗೆ ಅದು ನಿಸರ್ಗದ ಸೃಷ್ಟಿಯೆಂದೇ ತೋರುತ್ತದೆ. ವಾಸ್ತವವಾಗಿ ಅಲ್ಲಿನ ಕೊಳಗಳನ್ನು ಮನುಷ್ಯರು ತೋಡಿದರು, ದಿಬ್ಬಗಳನ್ನು ಒಟ್ಟಿದರು, ಬಂಡೆಗಳನ್ನು ಸಿಡಿಮದ್ದಿನಿಂದ ಒಡೆದರು, ಹೊರಗಿನಿಂದ ಮಣ್ಣು ತಂದು ಹರಡಿದರು, ಜೌಗು ನೆಲದಡಿ ಮೈಲಿಗಟ್ಟಲೆ ಕೊಳವೆ ಹೂಳಿ ನೀರು ಬಸಿಯುವಂತೆ ಮಾಡಿದರು. ಸ್ಟೇಟನ್ ದ್ವೀಪದ ಹೊಲದಲ್ಲಿ ಕಲಿತ ಪಾಠ ಇಲ್ಲಿ ಫಲ ಕೊಟ್ಟಿತು. ಜೊತೆಗೆ ಒಂದು ಕಹಿ ಸತ್ಯವನ್ನೂ ಹೇಳದೆ ಬಿಡುವಂತಿಲ್ಲ. ಉದ್ಯಾನಕ್ಕಾಗಿ ನಗರ ವಶಪಡಿಸಿಕೊಂಡ ನೆಲ ಬರಿದಾಗಿರಲಿಲ್ಲ. 1825ರಿಂದ ಅಲ್ಲಿ ನೆಲೆನಿಂತಿದ್ದ ಸೆನೆಕಾ ವಿಲೇಜ್ ಎಂಬ, ಬಹುಪಾಲು ಕರಿಯ ಜನಾಂಗದವರ ಹಳ್ಳಿಯಲ್ಲಿ ಸ್ವಂತ ಮನೆಗಳಿದ್ದವು, ಚರ್ಚುಗಳಿದ್ದವು, ಶಾಲೆಯಿತ್ತು. ವಿನ್ಯಾಸ ಆಯ್ಕೆಯಾಗುವ ಮೊದಲೇ, 1857ರೊಳಗೆ, ಅಲ್ಲಿನ ಸುಮಾರು 225 ನಿವಾಸಿಗಳನ್ನು ತೆರವುಗೊಳಿಸಲಾಯಿತು. ಆ ತೀರ್ಮಾನ ಓಲ್ಮ್‌ಸ್ಟೆಡ್ ಅವರದಾಗಿರಲಿಲ್ಲ. ಆದರೂ ಎಲ್ಲರಿಗಾಗಿ ಎಂದು ಕಟ್ಟಿದ ತಾಣವು ಕೆಲವರ ಮನೆಗಳ ಮೇಲೆ ನಿಂತಿದೆಯೆಂಬುದನ್ನು ಇಂದಿನ ವಿದ್ಯಾರ್ಥಿಗಳು ಪಾಠವಾಗಿಯೇ ಓದುತ್ತಾರೆ. ಅಣೆಕಟ್ಟು, ರಸ್ತೆ, ಉದ್ಯಾನಗಳ ಹೆಸರಿನಲ್ಲಿ ಊರುಗಳು ಏಳುವುದನ್ನು ಕಂಡಿರುವ ನಮಗೂ ಈ ಪಾಠ ಹೊಸದಲ್ಲ.

1860ರ ಆಗಸ್ಟ್‌ನಲ್ಲಿ ಗಾಡಿ ಮಗುಚಿ ಓಲ್ಮ್‌ಸ್ಟೆಡ್ ಅವರ ತೊಡೆಯ ಮೂಳೆ ಮುರಿಯಿತು. ಕೆಲವೇ ದಿನಗಳಲ್ಲಿ ಎರಡು ತಿಂಗಳ ಹಸುಳೆಯೂ ಕಾಯಿಲೆಯಿಂದ ಅಸುನೀಗಿತು. ಕುಂಟು ಅವರಿಗೆ ಜೀವಮಾನವಿಡೀ ಉಳಿಯಿತು. ಹಾಗಿದ್ದರೂ ಕೆಲಸಗಾರರಿಂದ ಡೋಲಿಯಂಥ ಹಾಸಿನಲ್ಲಿ ಹೊರಿಸಿಕೊಂಡು ಬಂದು ಉದ್ಯಾನದ ಕಾಮಗಾರಿಯನ್ನು ನೋಡಿಕೊಂಡರು. ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 1863ರವರೆಗೆ, ಗಾಯಾಳು ಸೈನಿಕರ ಆರೋಗ್ಯವನ್ನು ನೋಡಿಕೊಳ್ಳುವ ನೈರ್ಮಲ್ಯ ಆಯೋಗದ ಕಾರ್ಯದರ್ಶಿಯಾಗಿ ಆಸ್ಪತ್ರೆ ಹಡಗುಗಳನ್ನು ನಡೆಸಿದರು. ಅನಂತರ ಕ್ಯಾಲಿಫೋರ್ನಿಯಾದ ಚಿನ್ನದ ಗಣಿಯೊಂದರ ವ್ಯವಸ್ಥಾಪಕರಾದರು. ಗಣಿ ನಷ್ಟದಲ್ಲಿ ಮುಳುಗಿತು. ಆದರೆ ಅಲ್ಲಿಗೆ ಸಮೀಪದ ಯೋಸೆಮಿಟಿ ಕಣಿವೆಯ ರಕ್ಷಣೆಗಾಗಿ ನೇಮಿಸಿದ ಆಯೋಗದ ನೇತೃತ್ವ ಅವರಿಗೆ ದೊರೆಯಿತು. ಪ್ರಕೃತಿಯ ಮಹಾದೃಶ್ಯಗಳು ಕೆಲವೇ ಸಿರಿವಂತರ ಸೊತ್ತಾಗದಂತೆ ಕಾಪಾಡುವುದು ಸರ್ಕಾರದ ಕರ್ತವ್ಯವೆಂದು 1865ರಲ್ಲಿ ಅವರು ಸಿದ್ಧಪಡಿಸಿದ ವರದಿ ಪ್ರತಿಪಾದಿಸಿತು. ಸಹಸದಸ್ಯರೇ ಅದನ್ನು ಮೂಲೆಗೆ ಸರಿಸಿದರು. ಸುಮಾರು ತೊಂಬತ್ತು ವರ್ಷಗಳ ಬಳಿಕ, 1952ರಲ್ಲಿ, ಅದು ಮತ್ತೆ ಬೆಳಕು ಕಂಡಿತು.

1865ರಲ್ಲಿ ನ್ಯೂಯಾರ್ಕಿಗೆ ಮರಳಿದ ಮೇಲೆ ಅವರ ಜೀವನ ಒಂದು ನೇರಕ್ಕೆ ಬಂದಿತು. ವಾಕ್ಸ್ ಅವರೊಡನೆ ಬ್ರೂಕ್ಲಿನ್‌ನ ಪ್ರಾಸ್ಪೆಕ್ಟ್ ಪಾರ್ಕ್, ಬಫಲೋ ನಗರದ ಉದ್ಯಾನಗಳ ಸರಣಿ, ಷಿಕಾಗೋ ಸಮೀಪದ ರಿವರ್‌ಸೈಡ್ ಬಡಾವಣೆ ರೂಪುಗೊಂಡವು. ತಮ್ಮ ವೃತ್ತಿಗೆ ಅಂಟಿಕೊಂಡ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಎಂಬ ಹೆಸರು ಅವರಿಗೆ ಎಂದೂ ಹಿಡಿಸಲಿಲ್ಲ. ತೋಟಗಾರಿಕೆಯೂ ಅಲ್ಲದ, ಕಟ್ಟಡ ಶಿಲ್ಪವೂ ಅಲ್ಲದ ಈ ಕಲೆಗೆ ತಕ್ಕ ಪದ ಸಿಗಲಿಲ್ಲವೆಂಬ ಅತೃಪ್ತಿಯೊಡನೆಯೇ ಅದನ್ನು ಒಪ್ಪಿಕೊಂಡರು. ನಗರ ರಾಜಕಾರಣದ ಕಿರುಕುಳ ಬೆನ್ನುಬಿಡಲಿಲ್ಲ. ಪುಢಾರಿಗಳ ಕಡೆಯವರಿಗೆ ಕೆಲಸ ಕೊಡಲೊಲ್ಲದ ಅವರನ್ನು 1878ರಲ್ಲಿ ನ್ಯೂಯಾರ್ಕ್ ಉದ್ಯಾನ ಇಲಾಖೆಯಿಂದ ತೆಗೆದುಹಾಕಲಾಯಿತು. ತಾವು ನಿರ್ಮಿಸಿದ ಉದ್ಯಾನದಿಂದಲೇ ಹೊರಬಿದ್ದ ನೋವಿನಲ್ಲಿ ಅವರು ಬಾಸ್ಟನ್ ಕಡೆಗೆ ಸರಿದು, 1883ರಲ್ಲಿ ಬ್ರೂಕ್‌ಲೈನ್ ಎಂಬಲ್ಲಿ ಮನೆ ಕೊಂಡು ಕಚೇರಿಯನ್ನೂ ಅಲ್ಲಿಯೇ ತೆರೆದರು.

ಬಾಸ್ಟನ್ ನಗರಕ್ಕೆ ಅವರು ಸಲ್ಲಿಸಿದ ಸೇವೆಯನ್ನು ಮುಂಬಯಿಯ ಮೀಠಿ ನದಿಯನ್ನೋ ಬೆಂಗಳೂರಿನ ರಾಜಕಾಲುವೆಗಳನ್ನೋ ಬಲ್ಲ ಓದುಗರು ವಿಶೇಷವಾಗಿ ಗಮನಿಸಬೇಕು. ಬ್ಯಾಕ್ ಬೇ ಎಂಬಲ್ಲಿ ಭರತದ ನೀರೂ ಚರಂಡಿಯ ಕೊಳಕೂ ಬೆರೆತು, ನೆರೆಯೂ ದುರ್ವಾಸನೆಯೂ ಜನರನ್ನು ಕಾಡುತ್ತಿದ್ದವು. ಕಲ್ಲಿನ ಗೋಡೆ ಕಟ್ಟಿ ನೀರನ್ನು ಬಂಧಿಸುವ ಬದಲು ಓಲ್ಮ್‌ಸ್ಟೆಡ್ ಕೊಳಕನ್ನು ಬೇರೆ ಕಾಲುವೆಗೆ ತಿರುಗಿಸಿ, ಉಪ್ಪುನೀರಿನಲ್ಲಿ ಬೆಳೆಯುವ ಹುಲ್ಲುಗಳನ್ನು ನೆಡಿಸಿ, ನೆರೆ ಬಂದಾಗ ನೀರು ಹರಡಿ ನಿಲ್ಲಲು ಜಾಗ ಬಿಟ್ಟರು. ನೈರ್ಮಲ್ಯದ ಕಾಮಗಾರಿಯೇ ಉದ್ಯಾನವಾಯಿತು. ಅಲ್ಲಿಂದ ಮುಂದಕ್ಕೆ ಕೊಳ, ತೊರೆ, ಸಸ್ಯೋದ್ಯಾನ, ವಿಶಾಲ ವನಗಳನ್ನು ಪೋಣಿಸಿದ ಉದ್ಯಾನಗಳ ಸರವನ್ನು ಬಾಸ್ಟನ್ ಜನ ಪಚ್ಚೆಯ ಹಾರವೆಂದು ಕರೆಯುತ್ತಾರೆ. ನಯಾಗರ ಜಲಪಾತದ ಸುತ್ತಣ ನೆಲ ಕಾರ್ಖಾನೆಗಳ, ಅಂಗಡಿಗಳ ಪಾಲಾಗುತ್ತಿದ್ದಾಗ ಅದನ್ನು ಬಿಡಿಸಿಕೊಳ್ಳಲು ನಡೆದ ಚಳವಳಿಯಲ್ಲಿಯೂ ಅವರು ಮುಂದಾಳು. 1885ರಲ್ಲಿ ನ್ಯೂಯಾರ್ಕ್ ರಾಜ್ಯ ಆ ನೆಲವನ್ನು ಜನರಿಗಾಗಿ ಕಾದಿರಿಸಿತು. 1886ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿವೇಶನ ಯೋಜನೆಗೆ ಕೈಹಾಕಿದಾಗ, ಕ್ಯಾಲಿಫೋರ್ನಿಯಾದ ಒಣಹವೆಗೆ ಇಂಗ್ಲೆಂಡಿನ ಹಸಿರು ಹುಲ್ಲುಹಾಸು ಸಲ್ಲದೆಂದು ತಿಳಿಹೇಳಿದರು. ನೀರಿನ ಬರವಿರುವ ಊರಿನಲ್ಲಿ ಟ್ಯಾಂಕರ್ ನೀರು ತರಿಸಿ ಹುಲ್ಲು ಬೆಳೆಸುವ ನಮ್ಮ ಗೃಹಸಂಕೀರ್ಣಗಳು ಆ ಮಾತನ್ನು ಇನ್ನೂ ಕಲಿಯಬೇಕಾಗಿದೆ.

ಬ್ರೂಕ್‌ಲೈನ್‌ನ ಆ ಮನೆ ಕಚೇರಿಯಷ್ಟೇ ಆಗಿ ಉಳಿಯದೆ ಗುರುಕುಲವೂ ಆಯಿತು. ಈ ವಿದ್ಯೆಯನ್ನು ಕಲಿಸುವ ಶಾಲೆ ಆಗ ಅಮೆರಿಕದಲ್ಲಿ ಎಲ್ಲಿಯೂ ಇರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರ ಮಗ ಚಾರ್ಲ್ಸ್ ಎಲಿಯಟ್ ಪದವಿ ಮುಗಿಸಿ ಈ ವೃತ್ತಿ ಹಿಡಿಯಲು ಬಯಸಿದಾಗ, ಕೃಷಿ ಶಾಲೆಯಲ್ಲಿ ಕೆಲಕಾಲ ಓದಿ 1883ರಲ್ಲಿ ಓಲ್ಮ್‌ಸ್ಟೆಡ್ ಅವರ ಬಳಿ ಶಿಷ್ಯವೃತ್ತಿಗೆ ಸೇರಬೇಕಾಯಿತು. ಆ ಶಿಷ್ಯರು ನಕ್ಷೆಗಳನ್ನು ನಕಲು ಮಾಡುತ್ತ, ಗುರುಗಳೊಡನೆ ರೈಲಿನಲ್ಲಿ ಊರೂರು ತಿರುಗುತ್ತ, ಸಸಿಗಳ ಪಟ್ಟಿ ಸಿದ್ಧಪಡಿಸುತ್ತ ಕಲಿತರು. ಮಗ ಜಾನ್ ಚಾರ್ಲ್ಸ್ ಕೂಡ ಅಲ್ಲಿಯೇ ಪಳಗಿದರು. 1870ರಲ್ಲಿ ಹುಟ್ಟಿದ ಕಿರಿಯ ಮಗನಿಗೆ ಮೊದಲಿಟ್ಟಿದ್ದ ಹೆನ್ರಿ ಎಂಬ ಹೆಸರನ್ನು ಬದಲಿಸಿ ತಮ್ಮದೇ ಹೆಸರಿಟ್ಟದ್ದು, ತಾವು ಆರಂಭಿಸಿದ ಕಾರ್ಯ ತಮ್ಮ ನಂತರವೂ ನಡೆಯಬೇಕೆಂಬ ಹಂಬಲದಿಂದ. ಆ ಹಂಬಲದ ಭಾರವನ್ನು ಮಗ ಬಹುಕಾಲ ಹೊರಬೇಕಾಯಿತು. ತಾವು ಓದದ ವಿದ್ಯೆಯನ್ನೆಲ್ಲ ಮಗ ಓದಬೇಕೆಂದು ತಂದೆ ಪತ್ರಗಳ ಮೇಲೆ ಪತ್ರ ಬರೆದು ಒತ್ತಾಯಿಸುತ್ತಿದ್ದರು. ನಮ್ಮ ಮನೆಗಳಿಗೂ ಇದು ಅಪರಿಚಿತ ದೃಶ್ಯವಲ್ಲ.

1893ರಲ್ಲಿ ಷಿಕಾಗೋದಲ್ಲಿ ನಡೆದ ವಿಶ್ವಮೇಳದ ನೆಲದ ವಿನ್ಯಾಸ ಓಲ್ಮ್‌ಸ್ಟೆಡ್ ಅವರದು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ಈ ಮೇಳದ ಅಂಗವಾಗಿಯೇ ನಡೆದುದೆಂಬುದು ನಮ್ಮ ಓದುಗರಿಗೆ ನೆನಪಿರಬಹುದು. ಸರೋವರದ ದಡದ ಜೌಗುನೆಲವನ್ನು ಅವರು ಕಾಲುವೆ, ಕೊಳ, ದ್ವೀಪಗಳಾಗಿ ಮಾರ್ಪಡಿಸಿದರು. ಅದೇ ವರ್ಷ ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳೆರಡೂ ಅವರಿಗೆ ಗೌರವ ಪದವಿ ನೀಡಿದವು. ಕಣ್ಣು ಕೆಟ್ಟು ಪ್ರವೇಶ ತಪ್ಪಿದ ಬಾಗಿಲು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತೆರೆದಂತಾಯಿತು. ಕೊನೆಯ ದೊಡ್ಡ ಕಾರ್ಯ ಉತ್ತರ ಕ್ಯಾರೊಲಿನಾದ ಬಿಲ್ಟ್‌ಮೋರ್ ಎಸ್ಟೇಟ್. ಸಿರಿವಂತ ವ್ಯಾಂಡರ್‌ಬಿಲ್ಟ್ ಅವರು ಅಲ್ಲಿ ಭಾರಿ ಉದ್ಯಾನ ಬಯಸಿದ್ದರು. ಸವೆದುಹೋದ ಆ ಮಣ್ಣಿಗೆ ಉದ್ಯಾನಕ್ಕಿಂತ ಕಾಡು ಒಳ್ಳೆಯದೆಂದು ಓಲ್ಮ್‌ಸ್ಟೆಡ್ ಮನವೊಲಿಸಿದರು. ವೈಜ್ಞಾನಿಕ ಅರಣ್ಯ ನಿರ್ವಹಣೆ ಅಲ್ಲಿ ಆರಂಭವಾಗಿ, 1898ರಲ್ಲಿ ಅಲ್ಲಿಯೇ ಅಮೆರಿಕದ ಮೊದಲ ಅರಣ್ಯಶಾಸ್ತ್ರ ಶಾಲೆ ತೆರೆಯಿತು.

1895ರ ವೇಳೆಗೆ ಅವರ ನೆನಪು ಕೈಕೊಡತೊಡಗಿತು. ಬರೆದ ಪತ್ರವನ್ನೇ ಮತ್ತೆ ಬರೆಯುವುದನ್ನು ಕಂಡು ಮಕ್ಕಳು ಅವರನ್ನು ಕೆಲಸದಿಂದ ಬಿಡಿಸಿದರು. 1897ರಲ್ಲಿ ಪ್ರಿಯ ಶಿಷ್ಯ ಹಾಗೂ ಪಾಲುದಾರ ಎಲಿಯಟ್ ಮೂವತ್ತೇಳನೆಯ ವಯಸ್ಸಿನಲ್ಲಿಯೇ ಮೆದುಳು ಪೊರೆಯ ಉರಿಯೂತದಿಂದ ನಿಧನರಾದರು. 1898ರಲ್ಲಿ ಓಲ್ಮ್‌ಸ್ಟೆಡ್ ಅವರನ್ನು ಬಾಸ್ಟನ್ ಸಮೀಪದ ಮೆಕ್‌ಲೀನ್ ಆಸ್ಪತ್ರೆಗೆ ಸೇರಿಸಲಾಯಿತು. ಆ ಆಸ್ಪತ್ರೆಯ ನಿವೇಶನದ ಬಗ್ಗೆ ಹಿಂದೆ ಸಲಹೆ ನೀಡಿದವರು ಅವರೇ. ಐದು ವರ್ಷ ಅಲ್ಲಿದ್ದು, 1903ರ ಆಗಸ್ಟ್ 28ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಹಾರ್ಟ್‌ಫರ್ಡ್‌ನಲ್ಲಿ ಕುಟುಂಬದವರ ಸಮಾಧಿಗಳ ನಡುವೆ ಅವರೂ ವಿಶ್ರಮಿಸಿದ್ದಾರೆ.

ಅವರು ಆ ಆಸ್ಪತ್ರೆಯಲ್ಲಿದ್ದ ವರ್ಷಗಳಲ್ಲಿಯೇ ಹೊರಗೆ ಅವರ ವೃತ್ತಿಗೆ ಭದ್ರವಾದ ತಳಪಾಯ ಬಿದ್ದಿತು. 1899ರ ಜನವರಿಯಲ್ಲಿ ಹನ್ನೊಂದು ಮಂದಿ ನ್ಯೂಯಾರ್ಕಿನಲ್ಲಿ ಸೇರಿ ಭೂದೃಶ್ಯ ವಾಸ್ತುಶಿಲ್ಪಿಗಳ ಅಮೆರಿಕನ್ ಸಂಘವನ್ನು ಸ್ಥಾಪಿಸಿದರು. ಅದರ ಮೊದಲ ಅಧ್ಯಕ್ಷರು ಜಾನ್ ಚಾರ್ಲ್ಸ್. ಸ್ಥಾಪಕರಲ್ಲಿ ಒಬ್ಬ ಮಹಿಳೆಯೂ ಇದ್ದರು, ಮುಂದೆ ಬಿಯಾಟ್ರಿಕ್ಸ್ ಫರಾಂಡ್ ಎಂದು ಹೆಸರಾದವರು. ಮಗನನ್ನು ಕಳೆದುಕೊಂಡ ಅಧ್ಯಕ್ಷ ಎಲಿಯಟ್ ಅವರು ಆತನ ನೆನಪಿಗಾಗಿ 1900ರಲ್ಲಿ ಹಾರ್ವರ್ಡ್‌ನಲ್ಲಿ ಈ ವಿದ್ಯೆಯ ಪದವಿ ಶಿಕ್ಷಣವನ್ನು ಆರಂಭಿಸಿದರು. ಅದನ್ನು ರೂಪಿಸಿ ಪಾಠ ಹೇಳಿದವರು ಕಿರಿಯ ಓಲ್ಮ್‌ಸ್ಟೆಡ್. ಹೀಗೆ ಪದವಿಯಿಲ್ಲದ ತಂದೆಯ ಅನುಭವ, ಅಕಾಲದಲ್ಲಿ ಅಗಲಿದ ಶಿಷ್ಯನ ನೆನಪು, ಹೆಸರಿನ ಭಾರ ಹೊತ್ತ ಮಗನ ಶ್ರಮ ಮೂರೂ ಸೇರಿ ಒಂದು ಪಠ್ಯಕ್ರಮವಾಯಿತು. ಹಾರ್ವರ್ಡ್ ಆ ವಿಭಾಗಕ್ಕೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲು 1942ರವರೆಗೆ ಕಾಯಬೇಕಾಯಿತೆಂಬುದನ್ನೂ ಇಲ್ಲಿ ನೆನೆಯಬೇಕು.

ನಮ್ಮ ನಾಡಿಗೂ ಈ ಕಲೆಯ ನಂಟು ಹಳೆಯದೇ. ಜರ್ಮನಿಯಲ್ಲಿ ತರಬೇತಿ ಪಡೆದು, ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ದುಡಿದು, ಬರೋಡಾ ಸಂಸ್ಥಾನದ ಮೂಲಕ ಮೈಸೂರು ಸಂಸ್ಥಾನಕ್ಕೆ ಬಂದ ಕೃಂಬಿಗಲ್ ಅವರು 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತು, ಬೆಂಗಳೂರಿನ ಬೀದಿಗಳಲ್ಲಿ ವರ್ಷವಿಡೀ ಒಂದಾದ ಮೇಲೊಂದು ಮರ ಹೂಬಿಡುವಂತೆ ಸಾಲುಗಳನ್ನು ನೆಡಿಸಿದರು. 1956ರಲ್ಲಿ ಬೆಂಗಳೂರಿನಲ್ಲಿಯೇ ಮಣ್ಣಾದರು. ವಿಶ್ವವಿದ್ಯಾ ಮಟ್ಟದಲ್ಲಿ ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆ 1972ರಲ್ಲಿ ಸ್ನಾತಕೋತ್ತರ ಶಿಕ್ಷಣ ಆರಂಭಿಸಿತು. ಅಲ್ಲಿ ಬಹುಕಾಲ ಪಾಠ ಹೇಳಿದ ಪ್ರೊಫೆಸರ್ ಮೊಹಮ್ಮದ್ ಶಹೀರ್ ಅವರ ವಿನ್ಯಾಸದಂತೆ ಪುನರುಜ್ಜೀವನಗೊಂಡ ಸುಂದರ್ ನರ್ಸರಿ, ಅವರು ಕಾಲವಾದ ಮೇಲೆ 2018ರಲ್ಲಿ, ಜನರಿಗೆ ತೆರೆಯಿತು. ದೆಹಲಿ ಕನ್ನಡಿಗರು ಅದನ್ನು ಬಲ್ಲರು. ಮುಂಬಯಿಯಲ್ಲಿ ಧಾರಾವಿಯ ಅಂಚಿನ ಕಸದ ರಾಶಿಯ ಮೇಲೆ ಬೆಳೆದು ನಿಂತ ಮಹಾರಾಷ್ಟ್ರ ನಿಸರ್ಗ ಉದ್ಯಾನವನ್ನು ನಾವು ಕಂಡಿದ್ದೇವೆ.

ನಮ್ಮ ದೇಶದಲ್ಲಿ ಈ ವಿದ್ಯೆ ಕಲಿಯಬಯಸುವವರು ಸಾಮಾನ್ಯವಾಗಿ ಐದು ವರ್ಷದ ವಾಸ್ತುಶಿಲ್ಪ ಪದವಿ ಮುಗಿಸಿ, ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರುತ್ತಾರೆ. ನೆಲದ ಏರಿಳಿತವನ್ನು ಅಳೆದು ತಿದ್ದುವುದು, ಮಳೆನೀರಿನ ಹಾದಿ, ಮಣ್ಣಿನ ಗುಣ, ಸಸ್ಯಗಳ ಆಯ್ಕೆ, ಪರಿಸರ ವಿಜ್ಞಾನ, ಉದ್ಯಾನಗಳ ಇತಿಹಾಸ, ಉಪಗ್ರಹ ಚಿತ್ರಗಳ ಅಭ್ಯಾಸ ಇವೆಲ್ಲ ಪಠ್ಯದಲ್ಲಿ ಸೇರಿವೆ. ಕಲಿತವರು ಸ್ವಂತ ಕಚೇರಿ ನಡೆಸಬಹುದು. ನಗರ ಯೋಜನೆ, ಕೆರೆ ಮತ್ತು ನದೀತೀರಗಳ ಪುನಶ್ಚೇತನ, ಗಣಿಯಿಂದ ಹಾಳಾದ ನೆಲದ ದುರಸ್ತಿ, ಪಾರಂಪರಿಕ ಉದ್ಯಾನಗಳ ಸಂರಕ್ಷಣೆ, ವಿದ್ಯಾಸಂಸ್ಥೆ ಹಾಗೂ ಆಸ್ಪತ್ರೆಗಳ ಆವರಣ, ಬೋಧನೆ, ಹೀಗೆ ಕ್ಷೇತ್ರಗಳು ಹಲವು. ಮಾಡಿದ ಕೆಲಸ ಕಣ್ಣಿಗೆ ತುಂಬಲು ಮರ ಬೆಳೆಯುವವರೆಗೆ ಕಾಯಬೇಕಾದ ವೃತ್ತಿಯಿದು. ಅವಸರದವರಿಗೆ ಹೇಳಿಸಿದ್ದಲ್ಲ.

ಓಲ್ಮ್‌ಸ್ಟೆಡ್ ನೆಟ್ಟ ಸಸಿಗಳು ಹೆಮ್ಮರಗಳಾದುದನ್ನು ಅವರು ಪೂರ್ತಿಯಾಗಿ ಕಾಣಲಿಲ್ಲ. ಅವರ ತಂದೆ ಮಾತ್ರ 1873ರಲ್ಲಿ ತೀರಿಕೊಳ್ಳುವ ಮೊದಲು, ಮಗ ನಿರ್ಮಿಸಿದ ಉದ್ಯಾನ ಜನರಿಂದ ತುಂಬಿದ ಕಾಲವನ್ನು ಕಂಡರು. ಐದು ಬಾರಿ ಸೋತು ಮರಳಿದ ಮಗನನ್ನು ಐದು ಬಾರಿಯೂ ಒಳಕರೆದ ಆ ಜವಳಿ ವ್ಯಾಪಾರಿಯ ತಾಳ್ಮೆಯಿರದಿದ್ದರೆ, ಮಹಾನಗರದ ನಡುವೆ ಎಂಟುನೂರು ಎಕರೆಗೂ ಮಿಕ್ಕಿದ ಆ ಹಸಿರು ಇರುತ್ತಿತ್ತೋ ಇಲ್ಲವೋ. ಮನೆಯಲ್ಲಿ ಗಿಡಗಳ ಚಿತ್ರ ಬರೆಯುತ್ತ ಕುಳಿತ ಮಕ್ಕಳಿರುವ ನಮ್ಮ ಓದುಗರು ಈ ತಂದೆಮಕ್ಕಳ ಕಥೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಲಿ ಎಂಬುದೇ ನಮ್ಮ ಆಶಯ.